ತಲೆಲೆಕ್ಕ

ಕೇಳುಗರಿಗೆ ನಮಸ್ಕಾರ.

ನಾನು ಇಪ್ಪತ್ತಾರು ವರ್ಷ ಸರಕು ಹಡಗುಗಳಲ್ಲಿ ದುಡಿದವನು. ಇವತ್ತು ಹೇಳಹೊರಟಿದ್ದು ಹಡಗಿನ ಜೀವರಕ್ಷಕ ದೋಣಿ, ಸಲಕರಣೆಗಳ ಲೆಕ್ಕ. ಊರು ಗಂಗಾವತಿ ತಾಲ್ಲೂಕು, ಆನೆಗೊಂದಿಯ ಪಕ್ಕ. ಇದನ್ನು ಹೇಳಿದ ಕೂಡಲೇ ಜನ ನಗುತ್ತಾರೆ. "ಭತ್ತದ ಗದ್ದೆ ಬಿಟ್ಟು ಹಡಗಿಗೆ ಯಾಕ್ ಹೋದ್ಯೋ ತಮ್ಮಾ?" ಅನ್ನುತ್ತಾರೆ. ನಮ್ಮೂರಿಂದ ಸಮುದ್ರ ನೋಡಬೇಕಂದ್ರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು, ಅದು ನಿಜ. ಆದರೆ ನೀರು ನನಗೆ ಹೊಸದಲ್ಲ. ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ನಡೆಸುತ್ತಿದ್ದರು.

ಹರಿಗೋಲು ಗೊತ್ತಲ್ಲ, ಬಿದಿರಿನ ದೊಡ್ಡ ಬುಟ್ಟಿ. ಮೊದಲು ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಇದನ್ನು ಕಂಡು ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿದೆ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ನೆಟ್ಟಗೆ ಹೋಗಲು ಬರುವುದಿಲ್ಲ, ತಿರುಗುತ್ತಲೇ ಹೋಗುತ್ತದೆ ಅಂತ. ಐನೂರು ವರ್ಷ ಆಯ್ತು. ಇನ್ನೂ ತಿರುಗುತ್ತಲೇ ಇದೆ.

ಎಷ್ಟು ಜನರನ್ನು ಹತ್ತಿಸಬೇಕು ಅನ್ನುವುದಕ್ಕೆ ಅಪ್ಪನ ಹತ್ತಿರ ಬರೆದ ನಿಯಮ ಇರಲಿಲ್ಲ. ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿಯಬೇಕು, ಅಷ್ಟೇ. ಕಡಿಮೆ ಆದರೆ ಯಾರಾದರೂ ಇಳಿಯಬೇಕು. ಸಂತೆ ದಿನ ಇದೇ ಜಗಳ. "ಒಂದು ಚೀಲ ಭತ್ತ ಅಷ್ಟೇ ಅಲ್ವಾ?" ಅಂತ ಯಾರಾದರೂ ಅಂದರೆ, ಅಪ್ಪ ಹೇಳುತ್ತಿದ್ದರು, ಚೀಲಕ್ಕೂ ಒಂದು ತಲೆ ಅಂತ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಸಮುದ್ರಕ್ಕೆ ಹೋಗೋಣ. ಟೈಟಾನಿಕ್ ಕಥೆ ಎಲ್ಲರಿಗೂ ಗೊತ್ತು. 1912ರ ಏಪ್ರಿಲ್ 14ರ ರಾತ್ರಿ ಹಿಮಗಡ್ಡೆಗೆ ಬಡಿಯಿತು, ಬೆಳಗಾಗುವ ಮುಂಚೆ ಮುಳುಗಿತು. ಒಳಗೆ ಇದ್ದವರು ಸುಮಾರು 2,200 ಜನ. ಜೀವರಕ್ಷಕ ದೋಣಿಗಳು 20, ಎಲ್ಲ ಸೇರಿ 1,178 ಜನಕ್ಕೆ ಜಾಗ. ಸತ್ತವರು ಸುಮಾರು 1,500. ಹಡಗಿನವರು ಕಾನೂನು ಮುರಿದಿದ್ದರು ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಅಂದಿನ ಬ್ರಿಟಿಷ್ ಕಾನೂನು ಕೇಳಿದ್ದು 16 ದೋಣಿ. ಟೈಟಾನಿಕ್‌ನಲ್ಲಿ ನಾಲ್ಕು ಜಾಸ್ತಿಯೇ ಇದ್ದವು.

ತಪ್ಪು ಎಲ್ಲಿತ್ತು? ಆ ಕಾನೂನು ಹಡಗಿನ ಟನ್ ಎಣಿಸುತ್ತಿತ್ತು, ತಲೆ ಎಣಿಸುತ್ತಿರಲಿಲ್ಲ. ಇಷ್ಟು ಟನ್ನಿಗೆ ಇಷ್ಟು ದೋಣಿ ಅಂತ ಪಟ್ಟಿ. ಆ ಪಟ್ಟಿ 10,000 ಟನ್ನಿಗೆ ನಿಂತುಬಿಟ್ಟಿತ್ತು. ಟೈಟಾನಿಕ್ 46,000 ಟನ್ನಿನ ಹಡಗು. ಹಡಗು ಬೆಳೆಯಿತು, ಪಟ್ಟಿ ಬೆಳೆಯಲಿಲ್ಲ. ಅದರ ಮೇಲೆ, ಇದ್ದ ಜಾಗವೂ ತುಂಬಲಿಲ್ಲ. ಮೊದಲು ಇಳಿಸಿದ ದೋಣಿಯಲ್ಲಿ 65 ಜನಕ್ಕೆ ಜಾಗವಿತ್ತು. ಹೋದವರು ಅದರ ಅರ್ಧವೂ ಇಲ್ಲ. ಇಷ್ಟು ದೊಡ್ಡ ಹಡಗು ಬಿಟ್ಟು ಆ ಪುಟ್ಟ ದೋಣಿಗೆ ಇಳಿಯಲು ಜನರಿಗೆ ಮನಸ್ಸೇ ಬರಲಿಲ್ಲ.

ಆಮೇಲೆ ದೇಶಗಳು ಲಂಡನ್ನಿನಲ್ಲಿ ಸೇರಿದವು. 1914ರ ಜನವರಿಯಲ್ಲಿ ಒಂದು ಒಪ್ಪಂದ ಬರೆದವು. ಅದರ ಹೆಸರು ಸೋಲಾಸ್, ಅಂದರೆ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದ. ನಮ್ಮ ಕಿವಿಗೆ 'ಸೋಲು' ಅಂತ ಕೇಳಿಸುತ್ತದೆ, ಏನು ಮಾಡೋದು. ಮೊದಲ ಸಲ ಸೋತಿದ್ದೂ ನಿಜವೇ. ಅದೇ ವರ್ಷ ಮಹಾಯುದ್ಧ ಶುರುವಾಯಿತು, ಒಪ್ಪಂದ ಜಾರಿಗೆ ಬರಲೇ ಇಲ್ಲ. ಆಮೇಲೆ ಮತ್ತೆ ಮತ್ತೆ ಬರೆದರು. ಈಗ ನಡೆಯುತ್ತಿರುವುದು 1974ರದ್ದು, 1980ರ ಮೇ 25ರಿಂದ ಜಾರಿಯಲ್ಲಿದೆ. ಅದರ ಮೂರನೇ ಅಧ್ಯಾಯ ಪೂರ್ತಿ ಜೀವರಕ್ಷಕ ಸಲಕರಣೆಗಳದ್ದು. ದೋಣಿ ಹೇಗಿರಬೇಕು, ಜಾಕೆಟ್ ಹೇಗಿರಬೇಕು ಅನ್ನುವ ಅಳತೆಗೆಲ್ಲ ಬೇರೆ ಸಂಹಿತೆಯೇ ಇದೆ. ಅದು 1998ರ ಜುಲೈ 1ರಿಂದ ಕಡ್ಡಾಯ. ನಮ್ಮ ದೇಶದಲ್ಲಿ ಇದು ನಡೆದದ್ದು 1958ರ ವಾಣಿಜ್ಯ ನೌಕಾ ಕಾಯ್ದೆಯ ಕೆಳಗೆ. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ಇದನ್ನೆಲ್ಲ ನೋಡಿಕೊಳ್ಳುತ್ತ ಬಂದವರು ಮುಂಬೈಯಲ್ಲಿರುವ ನೌಕಾಯಾನ ಮಹಾನಿರ್ದೇಶಕರು.

ಸರಕು ಹಡಗು ಎಷ್ಟೇ ದೊಡ್ಡದಿರಲಿ, ಒಳಗೆ ಇಪ್ಪತ್ತು ಇಪ್ಪತ್ತೈದು ಜನ ಇರುತ್ತಾರೆ, ಅಷ್ಟೇ. 22 ಜನ ಅಂತ ಇಟ್ಟುಕೊಳ್ಳಿ. ಎಡಕ್ಕೆ 22 ಜನಕ್ಕೆ ಮುಚ್ಚಿದ ದೋಣಿ, ಬಲಕ್ಕೆ ಮತ್ತೆ 22 ಜನಕ್ಕೆ. ಇದರ ಜೊತೆಗೆ ಗಾಳಿ ತುಂಬಿಕೊಳ್ಳುವ ರಾಫ್ಟುಗಳು. ಲೆಕ್ಕದವರು ಕೇಳುತ್ತಾರೆ, ಒಬ್ಬನಿಗೆ ಎರಡು ಸೀಟು ಯಾಕೆ ಅಂತ. ಹರಿಗೋಲಿನಲ್ಲಿ ಕೂತವರು ಹೀಗೆ ಕೇಳುವುದಿಲ್ಲ. ಎಲ್ಲರೂ ಒಂದೇ ಕಡೆ ವಾಲಿದರೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ಮುಳುಗುವ ಹಡಗು ನೆಟ್ಟಗೆ ನಿಂತು ಮುಳುಗುವುದು ಅಪರೂಪ. ಒಂದು ಕಡೆ ಮಲಗುತ್ತದೆ. ಮೇಲೆದ್ದ ಕಡೆಯ ದೋಣಿ ಇಳಿಸಲು ಹೋದರೆ ಹಡಗಿನ ಗೋಡೆಗೇ ಒರಗುತ್ತದೆ. ತಗ್ಗಿದ ಕಡೆಯದು ದೂರ ತೂಗಾಡುತ್ತದೆ. ಹಡಗು 20 ಡಿಗ್ರಿ ವಾಲಿದರೂ ದೋಣಿ ಇಳಿಯಬೇಕು ಅನ್ನುತ್ತದೆ ನಿಯಮ. ಅದಕ್ಕಿಂತ ಜಾಸ್ತಿ ವಾಲಿದರೆ ಒಂದು ಕಡೆಯ ದೋಣಿಯ ಆಸೆ ಬಿಡಬೇಕು. ಆಗ ಇನ್ನೊಂದರಲ್ಲಿ ಎಲ್ಲರಿಗೂ ಜಾಗ ಇರಲೇಬೇಕು.

ಪ್ರಯಾಣಿಕರ ಹಡಗಿಗೆ ಈ ಉದಾರತೆ ಇಲ್ಲ. ದೂರ ಹೋಗುವ ಹಡಗಿನಲ್ಲಿ ಪ್ರತಿ ಬದಿಗೆ ಅರ್ಧ ಜನಕ್ಕೆ ದೋಣಿ ಇದ್ದರೂ ನಡೆಯುತ್ತದೆ, ಮೇಲೆ ನಾಲ್ಕನೇ ಒಂದು ಭಾಗಕ್ಕೆ ರಾಫ್ಟು. ಸಾವಿರಾರು ಜನರಿಗೆ ಎರಡು ಪಟ್ಟು ದೋಣಿ ತೂಗುಹಾಕಲು ಜಾಗ ಎಲ್ಲಿದೆ ಅನ್ನುತ್ತಾರೆ. ನನಗೆ ಇದು ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ. 2012ರ ಜನವರಿ 13ರಂದು ಇಟಲಿಯ ದಡದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ತಾಗಿ ಮಗ್ಗುಲಾಯಿತು. 4,000ಕ್ಕೂ ಹೆಚ್ಚು ಜನ ಇದ್ದರು. ವಾಲಿದ ಹಡಗಿನಿಂದ ದೋಣಿ ಇಳಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. 32 ಜನ ಸತ್ತರು. ಅವತ್ತೇ ಹತ್ತಿದ ನೂರಾರು ಜನರಿಗೆ ತಾವು ಎಲ್ಲಿ ಸೇರಬೇಕು ಅಂತಲೇ ತೋರಿಸಿರಲಿಲ್ಲ. 24 ಗಂಟೆಯೊಳಗೆ ತೋರಿಸಿದರೆ ಸಾಕು ಅಂತ ಆಗ ನಿಯಮ ಇತ್ತು. 2015ರಿಂದ ಬದಲಾಯಿತು. ಈಗ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ತೋರಿಸಬೇಕು.

ಭತ್ತದ ಚೀಲದ ಮಾತಿಗೆ ಬರುತ್ತೇನೆ. ದೋಣಿಯಲ್ಲಿ ಒಬ್ಬ ಮನುಷ್ಯನ ತೂಕ ಎಷ್ಟು ಅಂತ ಹಿಡಿಯಬೇಕು? ಸೋಲಾಸ್ ಬಳಗದವರು ಬರೆದಿದ್ದು 75 ಕೆ.ಜಿ. ನಮ್ಮಪ್ಪನ ಚೀಲವೇ! ಮೊದಲ ಸಲ ಓದಿದಾಗ ನಾನು ಒಬ್ಬನೇ ನಕ್ಕಿದ್ದೆ. ಆದರೆ ನಾವಿಕರು ಚೀಲದ ಹಾಗೆ ಒಂದೇ ತೂಕ ಇರುತ್ತಾರಾ? ಮೂರು ಹೊತ್ತು ಊಟ, ಓಡಾಡಲು ಜಾಗ ಕಡಿಮೆ. 25 ಜನರ ದೋಣಿ ಅಂತ ಬರೆದಿರುತ್ತಿತ್ತು, ಹದಿನೆಂಟು ಜನ ಕೂತರೆ ಮೊಣಕಾಲು ಮೊಣಕಾಲಿಗೆ ತಾಗುತ್ತಿತ್ತು. ಕೊನೆಗೆ ಸರಕು ಹಡಗಿನ ದೋಣಿಗಳಿಗೆ ತಲೆಗೆ 82.5 ಕೆ.ಜಿ. ಅಂತ ತಿದ್ದಿದರು. ಪ್ರಯಾಣಿಕರದ್ದು 75ಕ್ಕೇ ಉಳಿಯಿತು. ಪ್ರಯಾಣಿಕರು ನಮಗಿಂತ ಸಣ್ಣ ಅಂತ ಯಾರು ಹೇಳಿದರೋ!

ಹೊಸ ಹಡಗುಗಳಲ್ಲಿ ಎರಡು ಬದಿಯ ದೋಣಿ ಬದಲು ಹಿಂಭಾಗದಲ್ಲಿ ಒಂದೇ ದೋಣಿ ಇರಬಹುದು. ಜಾರುಬಂಡೆಯ ಮೇಲೆ ಮೂತಿ ಕೆಳಗೆ ಮಾಡಿ ಇಟ್ಟ ಹಾಗೆ ಕಾಣುತ್ತದೆ. ಹಿಂದಕ್ಕೆ ಮುಖ ಮಾಡಿ ಕೂರಬೇಕು, ಬೆಲ್ಟು ಬಿಗಿಯಬೇಕು, ತಲೆ ಒರಗಿಸಬೇಕು. ಚುಕ್ಕಾಣಿಯವನು ಲಿವರ್ ಒತ್ತುತ್ತಾನೆ. ಒಂದು ಕ್ಷಣ ಏನೂ ಇಲ್ಲ. ಹೊಟ್ಟೆ ಗಂಟಲಿಗೆ ಬರುತ್ತದೆ. ಆಮೇಲೆ ಧಡ್ ಅಂತ ನೀರು. ಕಿಟಕಿಯೆಲ್ಲ ಹಸಿರಾಗುತ್ತದೆ, ಮತ್ತೆ ಬೆಳಕು. ನಾನು ನಾಲ್ಕು ಸಲ ಹೀಗೆ ಬಿದ್ದಿದ್ದೇನೆ, ನಾಲ್ಕೂ ಕವಾಯತಿನಲ್ಲಿ. ಪುಣ್ಯಕ್ಕೆ ನಿಜವಾಗಿ ಒಮ್ಮೆಯೂ ಇಲ್ಲ.

ದೋಣಿಯೊಳಗೆ ಏನಿರುತ್ತೆ? ತಲೆಗೆ 3 ಲೀಟರ್ ನೀರು. 10,000 ಕಿಲೋಜೂಲ್ ಆಹಾರ, ಅಂದರೆ ಗಟ್ಟಿ ಬಿಸ್ಕತ್ತು. ಮೀನು ಹಿಡಿಯುವ ಗಾಳ. ಬಿಸಿಲು ಹಾಯಿಸಿ ದೂರದ ಹಡಗಿಗೆ ಹೊಳೆಯಿಸಲು ಕನ್ನಡಿ. ಪ್ಯಾರಾಚೂಟ್ ಬಾಣಗಳು, ಅವು 300 ಮೀಟರ್ ಏರಿ 40 ಸೆಕೆಂಡ್ ಕೆಂಪಗೆ ಉರಿಯಬೇಕು. 48 ಗಂಟೆಗೆ ಸಾಕಾಗುವಷ್ಟು ವಾಂತಿ ತಡೆಯುವ ಮಾತ್ರೆ, ತಲೆಗೊಂದು ವಾಂತಿ ಚೀಲ. ನಗಬೇಡಿ, ಮುಚ್ಚಿದ ದೋಣಿಯಲ್ಲಿ ಒಬ್ಬ ಶುರು ಮಾಡಿದರೆ ಮುಗಿಯಿತು. ವಾಂತಿಯಲ್ಲಿ ಹೋಗುವುದು ಕುಡಿಯುವ ನೀರೇ ಅಲ್ವಾ? ಅವಧಿ ಮುಗಿದ ಬಿಸ್ಕತ್ತು ಪೊಟ್ಟಣ ಒಂದನ್ನು ಒಮ್ಮೆ ಮನೆಗೆ ತಂದಿದ್ದೆ. ಅವ್ವ ಒಂದು ಚೂರು ಕಚ್ಚಿ, "ನಮ್ಮ ಕಟಕ್ ರೊಟ್ಟಿ ಕಟ್ಟಿ ಕಳಸ್ತಿದ್ನಲ್ಲೋ" ಅಂದರು.

ಲೈಫ್ ಜಾಕೆಟ್ ತಲೆಗೊಂದು ಇರಲೇಬೇಕು. ಅದರ ಮೇಲೆ ಪಾಳಿಯಲ್ಲಿ ಇರುವವರಿಗೆ ಎಂದು ಇಂಜಿನ್ ಕೋಣೆ, ಚುಕ್ಕಾಣಿ ಕೋಣೆಯಲ್ಲಿ ಬೇರೆ ಜಾಕೆಟ್. ಮಲಗುವ ಕೋಣೆಗೆ ಓಡಿ ತರಲು ಆಗ ಹೊತ್ತು ಇರುವುದಿಲ್ಲ. ಸುಮ್ನೆ ತೇಲಿಸಿದರೆ ಸಾಲದು. ಪ್ರಜ್ಞೆ ತಪ್ಪಿದವನನ್ನೂ ಮುಖ ಮೇಲಾಗಿ ತಿರುಗಿಸಬೇಕು, ಬಾಯಿ ನೀರಿನಿಂದ ಮೇಲಿರಬೇಕು. ಒಂದು ಸೀಟಿ, 8 ಗಂಟೆ ಉರಿಯುವ ಒಂದು ದೀಪ. ಕತ್ತಲಲ್ಲಿ ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತದೆ, ಸೀಟಿಗೆ ಉಸಿರು ಇದ್ದರೆ ಸಾಕು.

ಸಾಮಾನು ಇದ್ದರೆ ಆಯಿತಾ? ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ಮೂರನೇ ಅಧಿಕಾರಿಯಾಗಿದ್ದೆ. ಜೀವರಕ್ಷಕ ಸಲಕರಣೆ ನನ್ನ ಜವಾಬ್ದಾರಿ. ದೋಣಿಯ ಇಂಜಿನ್ ವಾರಕ್ಕೊಮ್ಮೆ 3 ನಿಮಿಷವಾದರೂ ಓಡಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಚಳಿಗಾಲ, ಮಂಜು. ಮೂರು ವಾರ ನಾನು ಓಡಿಸದೇ ಬರೆದೆ. ಒಂದು ಬಂದರಿನಲ್ಲಿ ತಪಾಸಣೆಯವರು ಬಂದರು. ರಿಜಿಸ್ಟರ್ ನೋಡಲೇ ಇಲ್ಲ. ಸೀದಾ ದೋಣಿಗೆ ಹೋಗಿ, "ಸ್ಟಾರ್ಟ್ ಮಾಡಿ" ಅಂದರು. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲೂ 2 ನಿಮಿಷದೊಳಗೆ ಅದು ಹತ್ತಬೇಕು. ಅವತ್ತು ಅಷ್ಟು ಚಳಿಯೂ ಇರಲಿಲ್ಲ. ಹತ್ತಲಿಲ್ಲ. ಬ್ಯಾಟರಿ ಸತ್ತಿತ್ತು. ಹಡಗನ್ನು ತಡೆಹಿಡಿದರು. ಒಂದೂವರೆ ದಿನ ನಿಂತೆವು. ಕ್ಯಾಪ್ಟನ್ ಬೈಯಲಿಲ್ಲ. ಊಟದ ಮೇಜಿನಲ್ಲಿ ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ದೋಣಿಯನ್ನು ತೂಗುಹಾಕಿ ಇಳಿಸುವ ಹುಕ್ಕು ಮತ್ತು ತಂತಿ ಹಗ್ಗ. ಕವಾಯತಿನಲ್ಲೇ ಹುಕ್ಕು ಬಿಚ್ಚಿಕೊಂಡು, ದೋಣಿ ಜನರ ಸಮೇತ ಬಿದ್ದು ಸತ್ತ ನಾವಿಕರು ಎಷ್ಟೋ ಮಂದಿ. ಜೀವ ಉಳಿಸುವ ದೋಣಿಯೇ ಜೀವ ತೆಗೆದದ್ದು. ಹಳೆ ಮಾದರಿಯ ಹುಕ್ಕುಗಳನ್ನು ಬದಲಿಸಿ ಅಂತ 2011ರಲ್ಲಿ ತಿದ್ದುಪಡಿ ಬಂತು. ತಂತಿ ಹಗ್ಗವನ್ನು ಐದು ವರ್ಷದೊಳಗೆ ಹೊಸದು ಮಾಡಬೇಕು, ನೋಡಲು ಚೆನ್ನಾಗಿದ್ದರೂ ಸರಿ. ಇದು ದುಂದು ಅನ್ನುವವರಿಗೆ ನಾನು ತುಂಗಭದ್ರಾ ಅಣೆಕಟ್ಟು ತೋರಿಸುತ್ತೇನೆ. 2024ರ ಆಗಸ್ಟಿನ ಒಂದು ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು. ತುಂಡಾಗುವ ಹಿಂದಿನ ದಿನ ಅದೂ ಚೆನ್ನಾಗಿಯೇ ಕಂಡಿರಬೇಕು.

ನಮ್ಮ ನೆಲಕ್ಕೂ ಸಮುದ್ರಕ್ಕೂ ಇನ್ನೊಂದು ನಂಟು ಇದೆ, ಅದಿರು. ಬಳ್ಳಾರಿ, ಸಂಡೂರಿನ ಕೆಂಪು ಅದಿರು ಲಾರಿ, ರೈಲು ಹತ್ತಿ ಬಂದರುಗಳಿಗೆ ಹೋಗುತ್ತಿದ್ದ ಕಾಲ ನಿಮಗೆ ನೆನಪಿರಬೇಕು. ಅದಿರಿನ ಪುಡಿ ಒದ್ದೆಯಾಗಿದ್ದರೆ ಹಡಗಿನ ಕುಲುಕಾಟಕ್ಕೆ ಗಂಜಿಯ ಹಾಗೆ ಆಗುತ್ತದೆ. ಹಡಗು ಎಡಕ್ಕೆ ವಾಲಿದರೆ ಗಂಜಿ ಎಡಕ್ಕೆ ಹರಿಯುತ್ತದೆ, ವಾಪಸ್ ಬರುವುದಿಲ್ಲ. 2009ರ ಜುಲೈ, ಜೋರು ಮಳೆಗಾಲ. ಏಷ್ಯನ್ ಫಾರೆಸ್ಟ್ ಅನ್ನುವ ಹಡಗು ನವಮಂಗಳೂರಿನಲ್ಲಿ ಅದಿರಿನ ಪುಡಿ ತುಂಬಿಕೊಂಡು ಹೊರಟಿತು. ದಡದಿಂದ ದೂರ ಹೋಗುವ ಮುಂಚೆಯೇ ವಾಲಿ ಮುಳುಗಿತು. 18 ಜನರನ್ನೂ ಕರಾವಳಿ ಕಾವಲು ಪಡೆಯವರು ಉಳಿಸಿದರು.

ಇಂಥ ಮುಳುಗಡೆಯಲ್ಲಿ ಸಿಗುವ ಹೊತ್ತು ಬಹಳ ಕಡಿಮೆ. ಸರಕು ಹಡಗಿನಲ್ಲಿ, ಹಡಗು ಬಿಡಿ ಅಂತ ಆಜ್ಞೆ ಬಂದ 10 ನಿಮಿಷದೊಳಗೆ ದೋಣಿಗಳೆಲ್ಲ ಇಳಿಯುವಂತಿರಬೇಕು. ಅಷ್ಟೂ ಸಿಗದಿದ್ದರೆ ಅಂತ ರಾಫ್ಟಿಗೆ ಒಂದು ಪುಟ್ಟ ಉಪಾಯ ಮಾಡಿದ್ದಾರೆ. ಅದನ್ನು ಕಟ್ಟಿಟ್ಟ ಪಟ್ಟಿಗೆ ಒಂದು ಬಿಲ್ಲೆ ಇರುತ್ತದೆ, ಅಂಗೈಯಷ್ಟು. ಹಡಗು ಮುಳುಗಿ 4 ಮೀಟರ್ ಆಳ ಮುಟ್ಟುವುದರೊಳಗೆ ನೀರಿನ ಒತ್ತಡಕ್ಕೆ ಬಿಲ್ಲೆಯೊಳಗಿನ ಚಾಕು ಹಾರಿ ಹಗ್ಗ ಕತ್ತರಿಸುತ್ತದೆ. ರಾಫ್ಟು ತಾನೇ ಮೇಲೆ ಬಂದು ಅರಳುತ್ತದೆ. ಯಾರೂ ಮುಟ್ಟಬೇಕಿಲ್ಲ. ಇಡೀ ಹಡಗಿನಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಇದೇ.

ನಮ್ಮ ಹೊಳೆಯ ದೋಣಿಗಳಿಗೆ ಸೋಲಾಸ್ ಅನ್ವಯಿಸುವುದಿಲ್ಲ. 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳಿಗೂ ಒಂದು ಅಧ್ಯಾಯ ಇಟ್ಟಿದ್ದಾರೆ. ಕೃಷ್ಣೆಯ ನಡುಗಡ್ಡೆಗಳಲ್ಲಿ, ರಾಯಚೂರಿನ ಕುರ್ವಕುಲದಂಥ ಕಡೆ, ಹೊಳೆ ದಾಟುವವರಿಗೆ ಅದು ಇನ್ನೂ ಕೈಗೆ ತಾಗಿದ ಹಾಗೆ ಕಾಣುವುದಿಲ್ಲ.

ಹೋದ ಚಳಿಗಾಲ ಮೊಮ್ಮಗಳ ಜೊತೆ ಹೊಳೆ ದಡಕ್ಕೆ ಹೋಗಿದ್ದೆ. ಪ್ರವಾಸಿಗರು ಸಾಲುಗಟ್ಟಿದ್ದರು. ಅಂಬಿಗ ಹುಡುಗ ಜಾಕೆಟ್ ಕೊಟ್ಟ. ಸೀಟಿ ಇರಲಿಲ್ಲ, ಒಂದು ಪಟ್ಟಿ ಕಿತ್ತಿತ್ತು. ಮೊಮ್ಮಗಳಿಗೆ ಗಂಟು ಹಾಕಿ ಕಟ್ಟಿ ಕೂರಿಸಿದೆ. ನಾನೂ ಕೂತೆ. ಕೂತವನು ಅಭ್ಯಾಸ ಬಲದಿಂದ ಬಗ್ಗಿ ಅಂಚಿಗೆ ಕೈ ಇಟ್ಟೆ.

"ಏನ್ ನೋಡಾಕತ್ತೀರಿ ಅಜ್ಜಾ?" ಅಂದ ಹುಡುಗ.

ಗೇಣಿಗೆ ಮೂರು ಬೆರಳು ಕಡಿಮೆ ಇತ್ತು. ಮೊಮ್ಮಗಳ ಕೈ ಹಿಡಿದು ಇಳಿದೆ. ಮುಂದಿನ ಹರಿಗೋಲಿಗೆ ಕಾದೆವು.

ನಮಸ್ಕಾರ.