ಬೆಲ್ಲ ಹೊತ್ತ ಗಾಡಿಗೆ ಮಿರುಗುವ ಬಣ್ಣವೇಕೆ?

ನಮಸ್ಕಾರ. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಬಂದವರೆಲ್ಲರೂ ಕೇಳುವ ಮೊದಲ ಪ್ರಶ್ನೆ, ಬಣ್ಣ ಯಾವಾಗ ಹೊಡೆಸುತ್ತೀರಿ ಎಂಬುದು. ಹೊಡೆಸುವುದಿಲ್ಲ ಎಂದಾಗ ಅವರ ಮುಖ ಸಣ್ಣದಾಗುತ್ತದೆ. ಅಲ್ಲಿ ನಿಂತಿರುವುದು 1951ರ ಷೆವರ್ಲೆ ಪಿಕಪ್. ತಾತ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡು, ಮಂಡ್ಯದ ಆಲೆಮನೆಗಳಿಂದ ಇಲ್ಲಿನ ಸಗಟು ಮಾರುಕಟ್ಟೆಯಾದ ತರಗುಪೇಟೆಗೆ ಬೆಲ್ಲ ಸಾಗಿಸುತ್ತಿದ್ದರು. ಎರಡು ವರ್ಷಗಳಿಂದ ಮನೆಯವರೆಲ್ಲ ಸೇರಿ ಅದನ್ನು ಮತ್ತೆ ಓಡುವಂತೆ ಮಾಡುತ್ತಿದ್ದೇವೆ. ದುಡಿದ ಗಾಡಿಯನ್ನು ದುಡಿದ ಗಾಡಿಯಾಗಿಯೇ ಉಳಿಸಬೇಕು, ಅದನ್ನು ಮದುವೆಮನೆಯ ಅಲಂಕಾರದಂತೆ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಭಿಪ್ರಾಯ ಮೊದಲಿನಿಂದಲೂ ಇತ್ತು ಎಂದರೆ ಸುಳ್ಳಾದೀತು. ನನಗೂ ಷೋರೂಮಿನ ಹೊಳಪು ಬೇಕಿತ್ತು. ಆ ಆತುರದಲ್ಲೇ ಬಾನೆಟ್ಟಿಗೆ ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿ ತುಕ್ಕು ತೆಗೆಸಲು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಒತ್ತಡ ಹೆಚ್ಚಾಗಿ ತಗಡು ಅಲೆಅಲೆಯಾಗಿ ಉಬ್ಬಿ ಬಂತು. ಎಪ್ಪತ್ತು ವರ್ಷ ಬಿಸಿಲುಮಳೆಗೆ ಜಗ್ಗದಿದ್ದ ಬಾನೆಟ್ಟು ಒಂದೇ ಮಧ್ಯಾಹ್ನದಲ್ಲಿ ಹಪ್ಪಳವಾಯಿತು. ಅಂದಿನಿಂದ ತುಕ್ಕು ಉಜ್ಜುವ ಕೆಲಸ ಮನೆಯಲ್ಲೇ, ಕೈಯಿಂದಲೇ ನಡೆಯುತ್ತಿದೆ.

ಹಿಂಬದಿಯ ನೆಲವನ್ನು ಬಿಚ್ಚಿದ ದಿನ ನನ್ನ ಮನಸ್ಸು ಪೂರ್ತಿ ಬದಲಾಯಿತು. ಈ ಗಾಡಿಗಳಲ್ಲಿ ಸರಕು ಇಡುವ ನೆಲ ಮರದ ಹಲಗೆಗಳದ್ದು. ಹಲಗೆ ಹಲಗೆಗಳ ನಡುವೆ ಉದ್ದನೆಯ ಉಕ್ಕಿನ ಪಟ್ಟಿಗಳಿರುತ್ತವೆ. ಒಂದು ಪಟ್ಟಿಯನ್ನು ಎಬ್ಬಿಸಿದಾಗ ಅದರಡಿ ಕಪ್ಪಗೆ, ಗಾಜಿನಂತೆ ಗಟ್ಟಿಯಾದ ಅಂಟು ಕಂಡಿತು. ಅಪ್ಪ ಉಗುರಿನಿಂದ ಕೆರೆದು ಮೂಸಿ ನೋಡಿ, 'ಬೆಲ್ಲ ಕಣೋ' ಎಂದರು. ಮಳೆಗಾಲದಲ್ಲಿ ಅಚ್ಚುಗಳು ನೀರೊಡೆದು ಸೋರಿದ ಬೆಲ್ಲವದು. ಬಡಗಿ ಅಷ್ಟೂ ಹಲಗೆಗಳನ್ನು ತೆಗೆದು ಸಾಗುವಾನಿ ಹಾಕೋಣ ಎಂದರು. ಕೊಳೆತ ಎರಡನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೆಯೇ ಬಿಟ್ಟೆವು. ದೊಡ್ಡಪ್ಪ ಹಿಂದಕ್ಕೆ ತೆಗೆಯುವಾಗ ಕಲ್ಲುಕಂಬಕ್ಕೆ ತಾಗಿಸಿ ಮಾಡಿದ ಮಡ್‌ಗಾರ್ಡಿನ ತಗ್ಗಿಗೂ ಪುಟ್ಟಿ ತುಂಬಿಸಿಲ್ಲ. ಆ ತಗ್ಗು ತಮ್ಮದಲ್ಲ ಎಂದು ದೊಡ್ಡಪ್ಪ ಇಂದಿಗೂ ವಾದಿಸುತ್ತಾರೆ.

ಇಂಥ ಕೆಲಸಕ್ಕೆ ಮನೆಯವರೇ ಬೇಕು ಎನ್ನುವುದಕ್ಕೆ ಈ ಗಾಡಿಯ ಎಂಜಿನ್ನೇ ಸಾಕ್ಷಿ. 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ ಈ ಆರು ಸಿಲಿಂಡರ್ ಎಂಜಿನ್ನಿನ ಕನೆಕ್ಟಿಂಗ್ ರಾಡುಗಳಲ್ಲಿ, ಅಂದರೆ ಪಿಸ್ಟನ್ನುಗಳನ್ನು ಕ್ರ್ಯಾಂಕಿಗೆ ಜೋಡಿಸುವ ಸರಳುಗಳಲ್ಲಿ, ಈಗಿನಂತೆ ಬಿಡಿಯಾಗಿ ಸಿಗುವ ಬೇರಿಂಗುಗಳಿಲ್ಲ. ಕರಗಿಸಿ ಎರಕ ಹೊಯ್ದ ವೈಟ್ ಮೆಟಲ್ ಎಂಬ ಮೆದು ಮಿಶ್ರಲೋಹವಿದೆ. ರಾಡಿನ ತುದಿಯಲ್ಲಿರುವ ಪುಟ್ಟ ಸೌಟು ಪ್ರತಿ ಸುತ್ತಿಗೂ ಕೆಳಗಿನ ತೊಟ್ಟಿಯಿಂದ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಬೇರಿಂಗ್ ಸವೆದಾಗ ಕ್ಯಾಪಿನ ಕೆಳಗಿನ ಶಿಮ್ ಎಂಬ ತೆಳುವಾದ ತಗಡಿನ ಚೂರೊಂದನ್ನು ತೆಗೆದು ಬಿಗಿ ಮಾಡಬೇಕು. ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಹುಡುಗರು ನನ್ನ ಮುಖ ನೋಡಿದರು. ಹತ್ತು ವರ್ಷದ ಹುಡುಗನಾಗಿದ್ದಾಗ ತಾತನ ಪಕ್ಕ ಟಾರ್ಚ್ ಹಿಡಿದು ಕುಳಿತಿದ್ದ ಅಪ್ಪನಿಗೆ ಮಾತ್ರ ಎಷ್ಟು ಬಿಗಿ ಮಾಡಬೇಕೆಂಬುದು ಕೈಯಲ್ಲೇ ನೆನಪಿತ್ತು.

ವೈರಿಂಗ್ ಮಗಳ ಪಾಲಿನದು. ಇದು 6 ವೋಲ್ಟಿನ ಗಾಡಿ; ಅಷ್ಟೇ ಬೆಳಕು ಬೇಕಾದರೆ 12 ವೋಲ್ಟಿಗಿಂತ ಇಮ್ಮಡಿ ಕರೆಂಟು ಹರಿಯಬೇಕು, ಆದ್ದರಿಂದ ವೈರು ದಪ್ಪಗಿರಬೇಕು. ಹಿಂದೆ ಯಾರೋ ಸಣ್ಣ ವೈರು ಎಳೆದಿದ್ದರಿಂದಲೇ ಹೆಡ್‌ಲೈಟು ಎಣ್ಣೆದೀಪದಂತೆ ಉರಿಯುತ್ತಿತ್ತು ಎಂದು ಪತ್ತೆಹಚ್ಚಿದವಳು ಅವಳೇ. ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೇ ಇದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದ್ದು, ಅದು ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಪೆಟ್ರೋಲಿನ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿದೆವು. ಅಲ್ಲಿ ಹಳೆಯದೇ ಇರಲಿ ಎಂಬ ಹಟ ಸಲ್ಲದು.

ಕಾನೂನಿನ ಬಗ್ಗೆಯೂ ಒಂದು ತಕರಾರಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳು. ಆದರೆ ನಾಲ್ಕು ಚಕ್ರದ ವಾಹನಗಳಲ್ಲಿ ಆ ನಿಯಮ ಹೆಸರಿಸಿರುವುದು ಎಂ1 ವರ್ಗವನ್ನು, ಅಂದರೆ ಜನರು ಕುಳಿತು ಹೋಗುವ ಕಾರುಗಳನ್ನು ಮಾತ್ರ. ಸರಕು ಹೊರುವ ಪಿಕಪ್ಪಿಗೆ ಅಲ್ಲಿ ಜಾಗವಿಲ್ಲ. ಸಾಹುಕಾರರು ಕುಳಿತು ಹೋದ ಕಾರು ಪರಂಪರೆ, ಊರಿಗೆ ಬೆಲ್ಲ ತಂದ ಗಾಡಿ ಬರೀ ಹಳೆಯ ಲಾರಿ ಎಂಬ ಈ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ.

ಸದ್ಯಕ್ಕೆ ನಾವು ಬ್ರೇಕಿನ ಕೆಲಸದಲ್ಲಿದ್ದೇವೆ. ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯಲ್ಲಿರುವುದರಿಂದ ನೆಲದ ಮುಚ್ಚಳ ತೆಗೆದು ಆಯಿಲ್ ಸುರಿಯಬೇಕು, ಆಮೇಲೆ ಒಂದೊಂದೇ ಚಕ್ರದ ಬ್ರೇಕಿನೊಳಗೆ ಸಿಕ್ಕಿಕೊಂಡ ಗಾಳಿ ತೆಗೆಯಬೇಕು. ಇದು ಒಬ್ಬರಿಂದಾಗುವ ಕೆಲಸವಲ್ಲ. ಮಂಡಿನೋವಿನ ಅಪ್ಪ ಬ್ರೇಕ್ ಪೆಡಲ್ ಒತ್ತಲು ಸ್ಟೇರಿಂಗ್ ಹಿಡಿದು ಕುಳಿತರು, ಮಗಳು ಸ್ಪ್ಯಾನರ್ ಹಿಡಿದು ಚಕ್ರದಡಿ ಮಲಗಿದಳು, ನಾನು ಬಾಟಲಿ ಹಿಡಿದೆ. 'ಒತ್ತು ತಾತ, ಹಾಗೇ ಹಿಡ್ಕೋ, ಈಗ ಬಿಡು' ಎಂದು ಸಂಜೆಯವರೆಗೆ ನಡೆಯಿತು. ಮೂರು ಚಕ್ರ ಮುಗಿದಿವೆ. ಎಡಬದಿಯ ಹಿಂದಿನ ಚಕ್ರದಲ್ಲಿ ಇನ್ನೂ ಗುಳ್ಳೆ ಬರುತ್ತಿದೆ. ಅದು ಮುಂದಿನ ಭಾನುವಾರಕ್ಕೆ.