ಕ್ಯಾಲ್ಸಿಯಂಗೆ ಗ್ಲೂಕೋಸ್ ಯಾಕೆ ಬೇಡ?

ಟೇಬಲ್ ಮೇಲೆ ಎರಡು ಮಾಡೆಲ್ ಇಟ್ಟಿದ್ದೇನೆ. ಎಡಗಡೆ ಗ್ಲೂಕೋಸ್, ಬಲಗಡೆ ಆಲೋಸ್ ಎಂಬ ಇನ್ನೊಂದು ಸಕ್ಕರೆ. ಎರಡೂ ಆಲ್ಫಾ ರೂಪದಲ್ಲಿವೆ, ಅಂದರೆ ಒಂದನೇ ಕಾರ್ಬನ್‌ನ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಕೆಳಕ್ಕಿದೆ. ಪರಮಾಣುಗಳ ಲೆಕ್ಕ ಒಂದೇ, ಆರು ಮೂಲೆಯ ಉಂಗುರವೂ ಒಂದೇ. ಮೂರನೇ ಕಾರ್ಬನ್ ಹತ್ತಿರ ಮಾತ್ರ ನೋಡಿ. ಗ್ಲೂಕೋಸ್‌ನ ಓಎಚ್ ಪಕ್ಕಕ್ಕೆ ಚಾಚಿದೆ, ಆಲೋಸ್‌ನದು ನೇರ ಕೆಳಕ್ಕೆ ಇಳಿದಿದೆ. ಇಷ್ಟು ಸಾಕು, ಕ್ಯಾಲ್ಸಿಯಂ ಅಯಾನು (ವಿದ್ಯುದಾವೇಶ ಇರುವ ಪರಮಾಣು) ಆಲೋಸ್ ಕಡೆ ವಾಲುತ್ತದೆ.

ಕಾರಣ ಸಕ್ಕರೆಗಿಂತ ಮೊದಲು ನೀರಿನಲ್ಲಿದೆ. ದ್ರಾವಣದಲ್ಲಿ ಲೋಹದ ಅಯಾನು ಒಂಟಿಯಾಗಿ ಓಡಾಡುವುದಿಲ್ಲ. ನೀರಿನ ಅಣುಗಳು ಆಕ್ಸಿಜನ್ ಮುಖ ಮಾಡಿ ಅದನ್ನು ಮುತ್ತಿಕೊಂಡಿರುತ್ತವೆ. ಸಕ್ಕರೆ ಕೊಡುವುದೂ ಆಕ್ಸಿಜನ್ನನ್ನೇ. ಹಾಗಿರುವಾಗ ಅಯಾನು ಸುಮ್ನೆ ಯಾಕೆ ಜಾಗ ಬದಲಾಯಿಸಬೇಕು, ಅಲ್ವಾ?

ಈಗ ಆಲೋಸ್ ಮಾಡೆಲ್ ತಲೆಕೆಳಗು ಮಾಡುತ್ತೇನೆ. ಒಂದನೇ ಮತ್ತು ಮೂರನೇ ಓಎಚ್ ಎರಡೂ ನೆಟ್ಟಗೆ ಮೇಲೆದ್ದಿವೆ, ನಡುವಿನ ಎರಡನೆಯದು ಪಕ್ಕಕ್ಕೆ ಬಾಗಿದೆ. ನೆಟ್ಟಗಿರುವುದಕ್ಕೆ ಆಕ್ಸಿಯಲ್, ಪಕ್ಕಕ್ಕಿರುವುದಕ್ಕೆ ಈಕ್ವಟೋರಿಯಲ್ ಅಂತಾರೆ. ಆಕ್ಸಿಯಲ್, ಈಕ್ವಟೋರಿಯಲ್, ಆಕ್ಸಿಯಲ್. ಮೂರು ಬೆರಳಲ್ಲಿ ಗೋಲಿ ಹಿಡಿದ ಹಾಗೆ ಕ್ಯಾಲ್ಸಿಯಂ ಅಲ್ಲಿ ಕೂರುತ್ತದೆ. ಒಂದು ಸಕ್ಕರೆ ಅಣು ಬಂದರೆ ಹಲವು ನೀರಿನ ಅಣುಗಳು ಬಿಡುಗಡೆಯಾಗುತ್ತವೆ, ಲಾಭ ಇರುವುದು ಅಲ್ಲಿ. ಗ್ಲೂಕೋಸ್‌ಗೆ ಓಎಚ್ ಏನೂ ಕಡಿಮೆ ಇಲ್ಲ, ಆದರೆ ಈ ಮೂರರ ಜೋಡಣೆ ಅದಕ್ಕೆ ಸಿಗುವುದಿಲ್ಲ.

ಈ ನಿಯಮವನ್ನು ಗುರುತಿಸಿದವರು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿದ್ದ ರಸಾಯನಶಾಸ್ತ್ರಜ್ಞ ಸ್ಟೀಫನ್ ಆಂಗ್ಯಲ್. 1970ರ ದಶಕದಲ್ಲಿ ಅವರ ಕೈಯಲ್ಲಿದ್ದ ಮುಖ್ಯ ಸಾಧನ ಎನ್‌ಎಂಆರ್, ಅಂದರೆ ಕಾಂತಕ್ಷೇತ್ರ ಬಳಸಿ ಅಣುವಿನ ರಚನೆ ತಿಳಿಯುವ ವಿಧಾನ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇನ್ನು ಮುಂದಿನ ಭಾಗ. ನೀರಿನಲ್ಲಿ ಕರಗಿದ ಆಲೋಸ್‌ನಲ್ಲಿ ಹೆಚ್ಚಿನ ಪಾಲು ಬೀಟಾ ರೂಪ (ಒಂದನೇ ಓಎಚ್ ಪಕ್ಕಕ್ಕೆ ಚಾಚಿರುವುದು), ಆಲ್ಫಾ ಸ್ವಲ್ಪವೇ. ಉಂಗುರ ಆಗಾಗ ಬಿಚ್ಚಿ ಮತ್ತೆ ಮುಚ್ಚುತ್ತದೆ, ಮುಚ್ಚುವಾಗ ಯಾವ ರೂಪವಾದರೂ ಬರಬಹುದು. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಆಲ್ಫಾದ ಪಾಲು ಏರಿರುತ್ತದೆ. ಕ್ಯಾಲ್ಸಿಯಂ ಯಾವ ಉಂಗುರವನ್ನೂ ಬಗ್ಗಿಸಿಲ್ಲ. ತನಗೆ ಒಗ್ಗುವ ರೂಪ ಸಿಕ್ಕಾಗ ಹಿಡಿದುಕೊಂಡಿದೆ, ಸಮತೋಲ ತಾನಾಗಿ ಆ ಕಡೆ ಸರಿದಿದೆ. ರೈಬೋಸ್ ಎಂಬ ಸಕ್ಕರೆಯಲ್ಲೂ ಹೀಗೇ ಆಗುತ್ತದೆ.

ಆದರೂ ಹಿಡಿತ ಬಿಗಿಯಾದದ್ದೇನಲ್ಲ. ಅದಕ್ಕೇ ಕ್ಯಾಲ್ಸಿಯಂ ಧಾರಾಳವಾಗಿ ಹಾಕಬೇಕು.

ಎಲ್ಲ ಲೋಹಕ್ಕೂ ಈ ಜಾಗ ಒಗ್ಗುವುದಿಲ್ಲ. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ ಸುಮಾರು 0.10 ನ್ಯಾನೊಮೀಟರ್, ಗಾತ್ರ ಸರಿಹೋಗುತ್ತದೆ. ಸೋಡಿಯಂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು, ಆದರೆ ಕ್ಯಾಲ್ಸಿಯಂನ ವಿದ್ಯುದಾವೇಶ +2, ಸೋಡಿಯಂನದು +1 ಮಾತ್ರ, ಹಾಗಾಗಿ ಸೆಳೆತ ಕಡಿಮೆ. ಲ್ಯಾಂಥನಮ್ ಎಂಬ ಲೋಹಕ್ಕೂ ಹೆಚ್ಚುಕಡಿಮೆ ಅದೇ ಗಾತ್ರ, ವಿದ್ಯುದಾವೇಶ +3, ಹಿಡಿತ ಇನ್ನೂ ಗಟ್ಟಿ. ಮೆಗ್ನೀಸಿಯಂ ಸುಮಾರು 0.07, ತೀರಾ ಚಿಕ್ಕದು. ಸಾಲದ್ದಕ್ಕೆ ತನ್ನ ನೀರನ್ನು ಬಿಡಲು ಅದು ಸುಲಭಕ್ಕೆ ಒಪ್ಪುವುದಿಲ್ಲ. ತಾಮ್ರ, ಕಬ್ಬಿಣದ ಕಥೆಯೇ ಬೇರೆ. ಕ್ಷಾರ ಜಾಸ್ತಿಯಾಗಿ ಓಎಚ್ ತನ್ನ ಪ್ರೋಟಾನ್ ಕಳೆದುಕೊಂಡ ಮೇಲೆ ಅವು ಸಕ್ಕರೆಯನ್ನು ಬಲವಾಗಿ ಹಿಡಿಯುತ್ತವೆ. ಅದನ್ನು ಇಲ್ಲಿ ಸೇರಿಸಿದರೆ ವಿಡಿಯೋ ಮುಗಿಯುವುದೇ ಇಲ್ಲ.

ಇಷ್ಟು ಸಡಿಲವಾದ ಹಿಡಿತದಿಂದ ಏನು ಉಪಯೋಗ ಅಂತ ಕೇಳಬಹುದು. ಕ್ಯಾಲ್ಸಿಯಂ ಹಿಡಿದಿರುವ ರಾಳದ ಮಣಿಗಳನ್ನು ತುಂಬಿದ ಕೊಳವೆಯ (ಕಾಲಂ) ಒಳಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮಿಶ್ರಣ ಹರಿಸುತ್ತಾರೆ. ಗ್ಲೂಕೋಸ್ ಎಲ್ಲೂ ನಿಲ್ಲದೆ ಮುಂದೆ ಸಾಗುತ್ತದೆ. ಫ್ರಕ್ಟೋಸ್ ಪ್ರತಿ ಕ್ಯಾಲ್ಸಿಯಂ ಬಳಿ ಸ್ವಲ್ಪ ಸ್ವಲ್ಪ ತಡೆದು ನಿಂತು, ಕೊನೆಗೆ ಬೇರೆಯಾಗಿ ಹೊರಬರುತ್ತದೆ. ಫ್ರಕ್ಟೋಸ್ ಹೆಚ್ಚಿರುವ ಸಿರಪ್ ಮಾಡುವ ಕಾರ್ಖಾನೆಗಳು ಎರಡನ್ನೂ ಬೇರ್ಪಡಿಸುವುದು ಹೀಗೇ.