ಕಾರಿನ ಗುಂಯ್ ಎನ್ನುವ ಸದ್ದು: ಟಯರಿನದೋ, ಬೇರಿಂಗಿನದೋ?

(ದೃಶ್ಯ: ಪಡುಬಿದ್ರಿ ಸಮೀಪ ರಾಷ್ಟ್ರೀಯ ಹೆದ್ದಾರಿ 66. ಕಾರಿನೊಳಗಿನ ಸದ್ದು ಮಾತ್ರ.)

ನಮಸ್ಕಾರ. ನೀವೀಗ ಕೇಳುತ್ತಿರುವ ಸದ್ದು ಗಂಟೆಗೆ 40 ಕಿಲೋಮೀಟರ್ ದಾಟಿದ ಮೇಲೆ ಆರಂಭವಾಗಿ, ವೇಗ ಏರಿದಂತೆಲ್ಲ ಜೋರಾಗುತ್ತದೆ. ಇಂತಹ ಸದ್ದಿನ ಹಿಂದೆ ಹೆಚ್ಚಾಗಿ ಇರುವುದು ಸಮನಾಗಿ ಸವೆಯದ ಟಯರ್ ಅಥವಾ ಚಕ್ರದ ಕೆಟ್ಟುಹೋದ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಕೂರಿಸಿದ ಗುಂಡುಗಳ ಉಂಗುರ. ಎರಡರ ಸದ್ದೂ ಕಿವಿಗೆ ಹೆಚ್ಚುಕಡಿಮೆ ಒಂದೇ ಬಗೆಯಾದ್ದರಿಂದ, ಪರೀಕ್ಷಿಸದೆ ಏನನ್ನಾದರೂ ಬದಲಾಯಿಸಿದರೆ ದುಡ್ಡು ಹೋಗುತ್ತದೆ, ಸದ್ದು ಹಾಗೆಯೇ ಉಳಿಯುತ್ತದೆ.

ಮೊದಲು ಎಂಜಿನಿನ ಅನುಮಾನ ತೀರಿಸಿಕೊಳ್ಳೋಣ. ಖಾಲಿ ರಸ್ತೆಯಲ್ಲಿ 60ರ ವೇಗದಲ್ಲಿ ನಾಲ್ಕನೇ ಗೇರಿನಿಂದ ಮೂರನೆಯದಕ್ಕೆ ಬಂದು, ಅದೇ ವೇಗವನ್ನು ಕಾಯ್ದುಕೊಳ್ಳಿ. ಎಂಜಿನ್ ಹೆಚ್ಚು ಸುತ್ತಿದರೂ ಸದ್ದು ಬದಲಾಗದಿದ್ದರೆ ಅದು ಎಂಜಿನಿನದಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಕೇಳಿಸಿದರೆ ಗೇರ್‌ಬಾಕ್ಸನ್ನು ತೋರಿಸಬೇಕು.

ಮಂಗಳೂರು ನಗರದ ಕಾಂಕ್ರೀಟ್ ರಸ್ತೆಗಳಲ್ಲಿ ಒಳ್ಳೆಯ ಟಯರ್ ಕೂಡ ಮೊರೆಯುತ್ತದೆ. ಆದ್ದರಿಂದ ಕಾಂಕ್ರೀಟ್ ಮುಗಿದು ಡಾಮರು ಶುರುವಾಗುವಲ್ಲಿ ಗಮನವಿಟ್ಟು ಕೇಳಿ: ಸದ್ದು ಅಲ್ಲಿ ಥಟ್ಟನೆ ಬದಲಾದರೆ ಟಯರಿನ ಕಡೆ ಬೆರಳು ತೋರಬಹುದು, ಬೇರಿಂಗಿಗೆ ರಸ್ತೆ ಯಾವುದಾದರೂ ಒಂದೇ. ಗಾಡಿ ನಿಲ್ಲಿಸಿ ಟಯರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ ಜಾರಿ, ಎದುರು ದಿಕ್ಕಿಗೆ ಗರಗಸದ ಹಲ್ಲಿನಂತೆ ತಡೆದರೆ ಆ ಟಯರ್ ಸದ್ದು ಮಾಡಿಯೇ ಮಾಡುತ್ತದೆ. ಮುಂದಿನ, ಹಿಂದಿನ ಟಯರ್‌ಗಳನ್ನು ಅದಲುಬದಲು ಮಾಡಿದಾಗ ಸದ್ದೂ ಜಾಗ ಬದಲಿಸಿದರೆ ಅನುಮಾನ ಉಳಿಯುವುದಿಲ್ಲ.

ಬೇರಿಂಗಿನ ವಿಷಯಕ್ಕೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಅದನ್ನು ಕಡೆಗಣಿಸಿದರೆ ಚಕ್ರವೇ ಸಡಿಲಗೊಳ್ಳುವ ಅಪಾಯವಿದೆ. ರಸ್ತೆಯ ಎಡ ತಿರುವಿನಲ್ಲಿ ಗಾಡಿಯ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿ, ಬಲ ತಿರುವಿನಲ್ಲಿ ಇಳಿದರೆ ಬಲಗಡೆಯ ಬೇರಿಂಗನ್ನು ಮೊದಲು ನೋಡಿ.

(ದೃಶ್ಯ: ಜಾಕ್ ಮತ್ತು ಸ್ಟ್ಯಾಂಡಿನ ಮೇಲೆ ನಿಂತ ಕಾರು, ಉಳಿದ ಚಕ್ರಗಳಿಗೆ ಅಡ್ಡಗಲ್ಲು.)

ಖಚಿತಪಡಿಸಿಕೊಳ್ಳಲು ಎಂಜಿನ್ ಆರಿಸಿ, ಎತ್ತಿದ ಚಕ್ರವನ್ನು ಒಂದು ಕೈಯಿಂದ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲಿಡಿ. ಒಳ್ಳೆಯ ಬೇರಿಂಗಿನಲ್ಲಿ ಬೆರಳಿಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದರಲ್ಲಿ ಒಳಗೆ ಮರಳು ಸೇರಿದ ಹಾಗೆ ಸಣ್ಣ ಗರಗರ ಸ್ಪ್ರಿಂಗಿನ ಮೂಲಕ ಬೆರಳಿಗೆ ಬರುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುವ ಪರೀಕ್ಷೆಯನ್ನೂ ಮಾಡಿ, ಆದರೆ ಅಲ್ಲಾಡಲಿಲ್ಲವೆಂದು ಬೇರಿಂಗ್ ಸರಿಯಿದೆ ಎಂದುಕೊಳ್ಳಬೇಡಿ, ಏಕೆಂದರೆ ಸದ್ದು ಮೊದಲು ಬರುತ್ತದೆ, ಸಡಿಲ ಆಮೇಲೆ.

ನಮ್ಮ ಕರಾವಳಿಯಲ್ಲಿ ಬೇರಿಂಗ್ ಕೆಡಲು ಮಳೆಯೂ ಕಾರಣ. ಮಂಗಳೂರಿನ ಕೊಟ್ಟಾರ ಚೌಕಿಯಂತಹ ಕಡೆ ನಿಂತ ನೀರಿಗೆ, ಓಡಿ ಬಿಸಿಯಾದ ಚಕ್ರ ಇಳಿದಾಗ ಹಬ್, ಅಂದರೆ ಬೇರಿಂಗ್ ಕೂತಿರುವ ಚಕ್ರದ ನಡುಭಾಗದ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಸವೆದ ರಬ್ಬರ್ ಸೀಲಿನ ಸಂದಿನಿಂದ ನೀರು ಒಳಗೆ ಎಳೆಯಲ್ಪಡುತ್ತದೆ. ಗ್ರೀಸ್ ಕೆಟ್ಟು, ಗುಂಡುಗಳು ಓಡುವ ದಾರಿಗೆ ತುಕ್ಕಿನ ಗುಳಿ ಬಿದ್ದ ಮೇಲೆ ಸದ್ದು ಕಡಿಮೆಯಾಗುವುದಿಲ್ಲ, ಹೊಸ ಬೇರಿಂಗೇ ಬೇಕು.

ಹೊಸದನ್ನು ಕೂರಿಸುವಾಗ ಸುತ್ತಿಗೆಯಿಂದ ಹೊಡೆಯಲು ಬಿಡಬೇಡಿ, ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಇರುವ ಗ್ಯಾರೇಜಿನಲ್ಲೇ ಮಾಡಿಸಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಗೆ ಕಾಂತೀಯ ಉಂಗುರವಿರುತ್ತದೆ. ಆ ಬದಿ ಚಕ್ರದ ವೇಗ ಅಳೆಯುವ ಸೆನ್ಸರಿನ ಕಡೆಗೇ ಬರಬೇಕು. ಉಲ್ಟಾ ಕೂರಿಸಿದರೆ ಗುಂಯ್ ಸದ್ದು ಹೋದರೂ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತಿಕೊಳ್ಳುತ್ತದೆ, ಬೇರಿಂಗನ್ನು ಮತ್ತೆ ಬಿಚ್ಚಬೇಕಾಗುತ್ತದೆ.